ಏಳು ವರ್ಷದ ಗೇಮಿಂಗ್ ಪಿಸಿ: ಪೂರ್ತಿ ಬದಲಿಸಬೇಕಾ, ಒಂದೆರಡು ಭಾಗ ಬದಲಿಸಿದರೆ ಸಾಕಾ?

ಪ್ರಶ್ನೆ: ನಾನು ದಾವಣಗೆರೆಯವನು. 2018ರ ಕೊನೆಯಲ್ಲಿ ಒಂದು ಗೇಮಿಂಗ್ ಪಿಸಿ ಅಸೆಂಬಲ್ ಮಾಡಿಸಿದ್ದೆ. ರೈಜನ್ 5 2600 ಪ್ರೊಸೆಸರ್, ಬಿ450 ಮದರ್‌ಬೋರ್ಡ್, 8 ಜಿಬಿಯ ಒಂದೇ ರ‍್ಯಾಮ್, ಜಿಟಿಎಕ್ಸ್ 1060 6 ಜಿಬಿ ಗ್ರಾಫಿಕ್ಸ್ ಕಾರ್ಡ್, 450 ವ್ಯಾಟ್ ಎಸ್‌ಎಂಪಿಎಸ್ (ಪಿಸಿಗೆ ಕರೆಂಟ್ ಕೊಡುವ ಪೆಟ್ಟಿಗೆ). ವಿಂಡೋಸ್ 10 ಇರುವುದು 120 ಜಿಬಿ ಎಸ್‌ಎಸ್‌ಡಿಯಲ್ಲಿ, ಆಟಗಳೆಲ್ಲ 1 ಟಿಬಿ ಹಾರ್ಡ್ ಡಿಸ್ಕ್‌ನಲ್ಲಿ. ಮಾನಿಟರ್ 1080ಪಿ, 60 ಹರ್ಟ್ಸ್. ವ್ಯಾಲರಂಟ್, ಜಿಟಿಎ 5 ಆಡುತ್ತೇನೆ. ಹೊಸ ಕಥೆಯಾಧಾರಿತ ಆಟಗಳನ್ನೂ ಆಡಬೇಕು ಅಂತ ಆಸೆ. ಆದರೆ ಅವು ತಡವರಿಸುತ್ತವೆ. ಕಳೆದ ಬೇಸಿಗೆಯಿಂದ ಆಟದ ಮಧ್ಯೆ ಪಿಸಿ ಒಮ್ಮೆಲೇ ಆಫ್ ಆಗುತ್ತಿದೆ. ವಿಂಡೋಸ್ 11 ಹಾಕಲು ಹೋದರೆ 'ಈ ಪಿಸಿಗೆ ಆಗುವುದಿಲ್ಲ' ಎನ್ನುತ್ತದೆ. ಅಂಗಡಿಯವರು 'ಏಳು ವರ್ಷ ಆಯ್ತಲ್ಲ, ಒಳಗಿರೋದೆಲ್ಲ ಮುಗೀತು, ಪೂರ್ತಿ ಹೊಸದೇ ತಗೊಳ್ಳಿ' ಎಂದು ಒಂದು ಲಕ್ಷ ದಾಟಿದ ಕೊಟೇಶನ್ ಕೊಟ್ಟಿದ್ದಾರೆ. ನನ್ನ ಹತ್ತಿರ ಇರುವುದು 40 ಸಾವಿರ. ಸಾಲ ಮಾಡಿ ಹೊಸದು ತಗೊಳ್ಳಲಾ, ಇದನ್ನೇ ಸರಿ ಮಾಡಿಸಲಾ?

ಉತ್ತರ: ಸಾಲ ಮಾಡಬೇಡಿ. ನೀವು ಬರೆದಿರುವುದನ್ನು ನೋಡಿದರೆ ನಿಮ್ಮ ಪಿಸಿ ಪೂರ್ತಿ ಬದಲಿಸುವ ಸ್ಥಿತಿಯಲ್ಲಿಲ್ಲ. ಆದರೆ 40 ಸಾವಿರವನ್ನು ಯಾವ ಕ್ರಮದಲ್ಲಿ ಖರ್ಚು ಮಾಡುತ್ತೀರಿ ಅನ್ನುವುದು ಮುಖ್ಯ. ಕ್ರಮ ತಪ್ಪಿದರೆ ಹೊಸ ಕಾರ್ಡ್ ಹಾಕಿದ ಮೇಲೂ ಪಿಸಿ ಆಫ್ ಆಗುತ್ತಲೇ ಇರುತ್ತದೆ.

ನಿಮ್ಮ ಪತ್ರದಲ್ಲಿ ಮೂರು ತೊಂದರೆ ಒಟ್ಟಿಗೆ ಬಂದಿವೆ. ಆಟ ತಡವರಿಸುವುದು, ಪಿಸಿ ಆಫ್ ಆಗುವುದು, ವಿಂಡೋಸ್ 11 ಹಿಡಿಯದಿರುವುದು. ಮೂರಕ್ಕೂ ಕಾರಣ ಬೇರೆ ಬೇರೆ. ಒಂದಕ್ಕೆ ದುಡ್ಡೇ ಬೇಕಿಲ್ಲ.

ಮೊದಲು 'ಒಳಗಿರೋದೆಲ್ಲ ಮುಗೀತು' ಅನ್ನುವ ಮಾತು. ಕಂಪ್ಯೂಟರ್‌ನ ಎಲ್ಲ ಭಾಗಗಳೂ ಒಂದೇ ವೇಗದಲ್ಲಿ ಹಳೆಯದಾಗುವುದಿಲ್ಲ. ಫ್ಯಾನ್ ಸವೆಯುತ್ತದೆ. ಹಾರ್ಡ್ ಡಿಸ್ಕ್ ಸವೆಯುತ್ತದೆ. ಎಸ್‌ಎಂಪಿಎಸ್ ಒಳಗಿನ ಕೆಪಾಸಿಟರ್‌ಗಳು ಬಿಸಿಗೆ ದುರ್ಬಲವಾಗುತ್ತವೆ. ಪ್ರೊಸೆಸರ್ ಮತ್ತು ಕೂಲರ್ ನಡುವಿನ ಥರ್ಮಲ್ ಪೇಸ್ಟ್ ಒಣಗುತ್ತದೆ. ಪ್ರೊಸೆಸರ್ ಮಾತ್ರ ಅಷ್ಟು ಸುಲಭವಾಗಿ ಕೆಡುವುದಿಲ್ಲ. ಇಷ್ಟು ವರ್ಷದ ಸರ್ವಿಸ್ ಕೆಲಸದಲ್ಲಿ ನನ್ನ ಮೇಜಿಗೆ ಬಂದ ಸತ್ತ ಎಸ್‌ಎಂಪಿಎಸ್‌ಗಳಿಗೆ ಲೆಕ್ಕವಿಲ್ಲ. ತಾನಾಗಿಯೇ ಸತ್ತ ಪ್ರೊಸೆಸರ್ ಕಂಡಿದ್ದು ತೀರಾ ಅಪರೂಪ. ಹಾಗಾಗಿ ವಯಸ್ಸು ನೋಡಿ ತೀರ್ಮಾನ ಮಾಡಬೇಡಿ. ಯಾವ ಭಾಗ ತಡೆಯುತ್ತಿದೆ ಅಂತ ನೋಡಿ ಮಾಡಿ.

ಆಫ್ ಆಗುವ ತೊಂದರೆಯಿಂದಲೇ ಶುರು ಮಾಡೋಣ. ಇದನ್ನು ಬಿಟ್ಟು ಬೇರೇನು ಮಾಡಿದರೂ ವ್ಯರ್ಥ. ಬಿಸಿ ಜಾಸ್ತಿಯಾದಾಗ ಪ್ರೊಸೆಸರ್ ಆಗಲಿ ಗ್ರಾಫಿಕ್ಸ್ ಕಾರ್ಡ್ ಆಗಲಿ ಮೊದಲು ತಮ್ಮ ವೇಗ ಇಳಿಸಿಕೊಳ್ಳುತ್ತವೆ. ಆಟ ನಿಧಾನವಾಗುತ್ತದೆ, ಫ್ಯಾನ್ ಜೋರಾಗಿ ಸದ್ದು ಮಾಡುತ್ತದೆ. ಯಾವ ಮುನ್ಸೂಚನೆಯೂ ಇಲ್ಲದೆ ತಟ್ಟನೆ ಕತ್ತಲಾದರೆ ಹೆಚ್ಚಿನ ಸಲ ಅದು ವಿದ್ಯುತ್ ಪೂರೈಕೆಯ ತೊಂದರೆ. ಲೆಕ್ಕ ಹಾಕಿ ನೋಡಿ. ನಿಮ್ಮ ಪ್ರೊಸೆಸರ್ 65 ವ್ಯಾಟ್ ದರ್ಜೆಯದು, 1060 ಕಾರ್ಡ್ 120 ವ್ಯಾಟ್‌ನದು. ಉಳಿದಿದ್ದೆಲ್ಲ ಸೇರಿಸಿದರೂ ಆರೋಗ್ಯವಾಗಿರುವ 450 ವ್ಯಾಟ್‌ನ ಎಸ್‌ಎಂಪಿಎಸ್‌ಗೆ ಇದು ಭಾರವೇ ಅಲ್ಲ. ಅಷ್ಟಿದ್ದೂ ಕೈ ಕೊಡುತ್ತಿದೆ ಅಂದರೆ ಎಸ್‌ಎಂಪಿಎಸ್ ಸೋತಿದೆ, ಇಲ್ಲವೇ ಅದಕ್ಕೆ ಬರುವ ಕರೆಂಟ್ ಸರಿಯಿಲ್ಲ.

ಯುಪಿಎಸ್ ಇದ್ದರೆ ಅದನ್ನೂ ಅನುಮಾನಿಸಿ. ಮನೆಗಳಲ್ಲಿ ಸಾಮಾನ್ಯವಾಗಿ ಇರುವ 600 ವಿಎ ಯುಪಿಎಸ್ ನಿಜವಾಗಿ ಕೊಡುವುದು ಸುಮಾರು 360 ವ್ಯಾಟ್. ಬ್ಯಾಟರಿ ಹಳೆಯದಾಗಿದ್ದರೆ, ಆಟದ ಭಾರ ಇರುವಾಗ ವೋಲ್ಟೇಜ್ ಸ್ವಲ್ಪ ಇಳಿದರೂ ಅದು ಕೈಬಿಡುತ್ತದೆ. ಮನೆ ಇನ್ವರ್ಟರ್‌ಗೆ ಸೇರಿಸಿದ್ದರೆ ಅದರ ಹಿಂದಿನ ಸ್ವಿಚ್ 'ಯುಪಿಎಸ್' ಮೋಡ್‌ನಲ್ಲಿದೆಯಾ ನೋಡಿ. ಸಾಮಾನ್ಯ ಮೋಡ್‌ನಲ್ಲಿ ಕರೆಂಟ್ ಬದಲಾಗಲು ತೆಗೆದುಕೊಳ್ಳುವ ಸಮಯ ಕಂಪ್ಯೂಟರ್‌ಗೆ ಜಾಸ್ತಿಯಾಗುತ್ತದೆ. ಒಂದು ಸಂಜೆ ಯುಪಿಎಸ್ ತಪ್ಪಿಸಿ ನೇರ ಪ್ಲಗ್‌ಗೆ ಹಾಕಿ ಆಡಿ. ಆಗಲೂ ಆಫ್ ಆದರೆ ಯುಪಿಎಸ್ ನಿರಪರಾಧಿ. ಇನ್ನೊಂದು ಮಾತು. ಕ್ಯಾಬಿನೆಟ್ ಮುಟ್ಟಿದಾಗ ಜುಮ್ ಅಂದರೆ ನಿಮ್ಮ ಮನೆಯ ಅರ್ಥಿಂಗ್ ಸರಿಯಿಲ್ಲ. ಎಲೆಕ್ಟ್ರಿಷಿಯನ್ ಕರೆಸಿ ಅದನ್ನು ಸರಿಪಡಿಸದೆ ಹೊಸ ಭಾಗಗಳಿಗೆ ದುಡ್ಡು ಹಾಕಬೇಡಿ.

ಹಾಗಂತ ಬಿಸಿಯನ್ನು ಬಿಟ್ಟುಬಿಡುವಂತಿಲ್ಲ. ದಾವಣಗೆರೆಯ ಏಪ್ರಿಲ್‌ನಲ್ಲಿ ಕೋಣೆ ಹತ್ತು ಡಿಗ್ರಿ ಹೆಚ್ಚು ಬಿಸಿಯಾದರೆ ಕ್ಯಾಬಿನೆಟ್ ಒಳಗೂ ಹೆಚ್ಚುಕಡಿಮೆ ಅಷ್ಟೇ ಏರುತ್ತದೆ. ಎಚ್‌ಡಬ್ಲ್ಯೂಇನ್ಫೋ ಅನ್ನುವ ಉಚಿತ ತಂತ್ರಾಂಶ ಹಾಕಿಕೊಂಡು, ಅರ್ಧ ಗಂಟೆ ಆಡಿ, ಗರಿಷ್ಠ ಉಷ್ಣತೆ ನೋಡಿ. 2600 ಪ್ರೊಸೆಸರ್‌ನ ಮಿತಿ 95 ಡಿಗ್ರಿ, 1060 ಕಾರ್ಡ್‌ನದು 94. ಎರಡರಲ್ಲಿ ಯಾವುದಾದರೂ 85 ದಾಟುತ್ತಿದ್ದರೆ ದೂಳು ತೆಗೆದು ಹೊಸ ಪೇಸ್ಟ್ ಹಚ್ಚಬೇಕು. ದೂಳು ಊದುವಾಗ ಫ್ಯಾನ್ ತಿರುಗದಂತೆ ಬೆರಳಲ್ಲಿ ಹಿಡಿದುಕೊಳ್ಳಿ.

ಪೇಸ್ಟ್ ನೀವೇ ಹಚ್ಚುವುದಾದರೆ ಇದನ್ನು ದಯವಿಟ್ಟು ನೆನಪಿಡಿ. ನಿಮ್ಮ ಎಎಂ4 ಸಾಕೆಟ್‌ನಲ್ಲಿ (ಬೋರ್ಡಿನ ಮೇಲೆ ಪ್ರೊಸೆಸರ್ ಕೂರುವ ಜಾಗ) ಪಿನ್‌ಗಳು ಇರುವುದು ಪ್ರೊಸೆಸರ್‌ನ ಅಡಿಯಲ್ಲಿ. ಪೇಸ್ಟ್ ಒಣಗಿ ಅಂಟಿಕೊಂಡಿರುತ್ತದೆ. ತಣ್ಣಗಿರುವಾಗ ಕೂಲರ್ ನೇರ ಮೇಲಕ್ಕೆ ಎಳೆದರೆ ಲಾಕ್ ಹಾಕಿರುವಾಗಲೇ ಪ್ರೊಸೆಸರ್ ಕೂಡ ಕಿತ್ತು ಬರುತ್ತದೆ, ಪಿನ್ ಬಾಗುತ್ತದೆ. ಹತ್ತಿಪ್ಪತ್ತು ನಿಮಿಷ ಪಿಸಿ ಓಡಿಸಿ ಬೆಚ್ಚಗೆ ಮಾಡಿ, ಆಫ್ ಮಾಡಿ ಪ್ಲಗ್ ತೆಗೆದು, ಸ್ಕ್ರೂ ಬಿಚ್ಚಿದ ಮೇಲೆ ಕೂಲರನ್ನು ಅತ್ತಿತ್ತ ನಿಧಾನವಾಗಿ ತಿರುಚಿ ಸಡಿಲಿಸಿ. ಆಮೇಲೆ ಎತ್ತಿ. ಧೈರ್ಯ ಬರದಿದ್ದರೆ ಸರ್ವಿಸ್‌ನವರಿಂದಲೇ ಮಾಡಿಸಿ.

ಇನ್ನು ವಿಂಡೋಸ್ 11. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಬೆಂಬಲ ಮುಗಿದಿದ್ದು 2025ರ ಅಕ್ಟೋಬರ್ 14ಕ್ಕೆ. ಹೆಸರು ನೋಂದಾಯಿಸಿಕೊಂಡರೆ ಭದ್ರತಾ ಅಪ್‌ಡೇಟ್ 2026ರ ಅಕ್ಟೋಬರ್ 13ರವರೆಗೆ ಸಿಗುತ್ತದೆ. ಆದರೆ ನಿಮಗೆ ಅದರ ಅಗತ್ಯವೇ ಇಲ್ಲ. ರೈಜನ್ 5 2600 ಮೈಕ್ರೋಸಾಫ್ಟ್‌ನ ವಿಂಡೋಸ್ 11 ಪಟ್ಟಿಯಲ್ಲಿದೆ. 'ಆಗುವುದಿಲ್ಲ' ಎನ್ನಲು ಕಾರಣ ಬಹುಶಃ ಎರಡು ಸೆಟ್ಟಿಂಗ್. ಒಂದು, ಬಯೋಸ್‌ನಲ್ಲಿ (ಮದರ್‌ಬೋರ್ಡಿನ ಮೂಲ ತಂತ್ರಾಂಶ) ಎಫ್‌ಟಿಪಿಎಂ ಎಂಬ ಭದ್ರತಾ ಸೌಲಭ್ಯ ಆಫ್ ಇರುವುದು. ಇನ್ನೊಂದು, ವಿಂಡೋಸ್ ಅನ್ನು ಹಳೆಯ ಲೆಗಸಿ ರೀತಿಯಲ್ಲಿ ಹಾಕಿರುವುದು.

ಇಲ್ಲಿ ಬಹಳ ಜನರಿಗೆ ಗೊತ್ತಿಲ್ಲದ ಒಂದು ವಿಷಯವಿದೆ. ರೈಜನ್ ಪಿಸಿಗಳಲ್ಲಿ ಎಫ್‌ಟಿಪಿಎಂ ಆನ್ ಮಾಡಿದರೆ ಆಗಾಗ ಕ್ಷಣಕಾಲ ಎಲ್ಲವೂ ತಡವರಿಸುವ ದೋಷವಿತ್ತು. 2022ರ ಮಾರ್ಚ್‌ನಲ್ಲಿ ಎಎಂಡಿ ಇದನ್ನು ಒಪ್ಪಿಕೊಂಡು ಹೊಸ ಬಯೋಸ್‌ಗಳಲ್ಲಿ ಸರಿಪಡಿಸಿತು. ನಿಮ್ಮ ಬೋರ್ಡಿನಲ್ಲಿ 2018ರ ಬಯೋಸ್ ಹಾಗೇ ಇದ್ದರೆ ಮೊದಲು ಅದನ್ನು ಅಪ್‌ಡೇಟ್ ಮಾಡಿ, ಆಮೇಲೆ ಎಫ್‌ಟಿಪಿಎಂ ಆನ್ ಮಾಡಿ. ಬಯೋಸ್ ಬರೆಯುವ ಆ ಕೆಲವು ನಿಮಿಷ ಕರೆಂಟ್ ಹೋದರೆ ಬೋರ್ಡೇ ಸಾಯಬಹುದು. ಹಾಗಾಗಿ ತಾನಾಗಿ ಆಫ್ ಆಗುವ ಪಿಸಿಯಲ್ಲಿ ಈ ಕೆಲಸಕ್ಕೆ ಕೈ ಹಾಕಲೇಬೇಡಿ. ಎಸ್‌ಎಂಪಿಎಸ್ ಸರಿಯಾದ ಮೇಲೆ, ಒಳ್ಳೆಯ ಬ್ಯಾಟರಿಯ ಯುಪಿಎಸ್‌ನಲ್ಲಿ ಮಾಡಿ. ಕೆಲವು ಬೋರ್ಡ್‌ಗಳಲ್ಲಿ ಹೊಸ ಬಯೋಸ್ ಹಾಕಿದ ಮೇಲೆ ಹಳೆಯದಕ್ಕೆ ವಾಪಸ್ ಹೋಗಲು ಆಗುವುದಿಲ್ಲ. ಡೌನ್‌ಲೋಡ್ ಪುಟದಲ್ಲಿರುವ ಸೂಚನೆ ಪೂರ್ತಿ ಓದಿ.

ಎಫ್‌ಟಿಪಿಎಂ ಆನ್ ಮಾಡುವ ಜೊತೆಗೆ ಸೆಕ್ಯೂರ್ ಬೂಟ್ (ನಂಬಿಕೆಯ ತಂತ್ರಾಂಶದಿಂದ ಮಾತ್ರ ಪಿಸಿ ಶುರುವಾಗುವಂತೆ ಮಾಡುವ ಸೆಟ್ಟಿಂಗ್) ಕೂಡ ಆನ್ ಮಾಡಿಕೊಳ್ಳಿ. ವಿಂಡೋಸ್ 11ರಲ್ಲಿ ವ್ಯಾಲರಂಟ್ ಎರಡನ್ನೂ ಕೇಳುತ್ತದೆ, ಇಲ್ಲದಿದ್ದರೆ ಆಟ ತೆರೆಯುವುದಿಲ್ಲ. ಹೊಸ ಎಸ್‌ಎಸ್‌ಡಿ ಹಾಕುವವರಿದ್ದರೆ ಹಳೆಯ ವಿಂಡೋಸ್ ಬದಲಾಯಿಸುವ ಗೋಜಿಗೆ ಹೋಗದೆ ಅದರಲ್ಲೇ ಹೊಸದಾಗಿ 11 ಹಾಕಿ.

ಈಗ ತಡವರಿಕೆ. ಇದರಲ್ಲಿ ನಾಲ್ಕು ಆರೋಪಿಗಳಿದ್ದಾರೆ: ರ‍್ಯಾಮ್, ಹಾರ್ಡ್ ಡಿಸ್ಕ್, ಪ್ರೊಸೆಸರ್, ಕಾರ್ಡ್. ಬಹಳ ಜನ ನೇರ ಕಾರ್ಡ್ ಕೊಳ್ಳಲು ಓಡುತ್ತಾರೆ. ನಿಮ್ಮ ವಿಷಯದಲ್ಲಿ ನನಗೆ ಮೊದಲು ಕಣ್ಣಿಗೆ ಬಿದ್ದಿದ್ದು 'ಒಂದೇ ರ‍್ಯಾಮ್' ಅನ್ನುವ ಮಾತು. ಇಂದಿನ ಆಟಗಳಿಗೆ 8 ಜಿಬಿ ಸಾಲುವುದಿಲ್ಲ. ಅಷ್ಟೇ ಅಲ್ಲ, ಒಂದೇ ಸ್ಟಿಕ್ ಇದ್ದರೆ ಪ್ರೊಸೆಸರ್‌ಗೂ ಮೆಮೊರಿಗೂ ನಡುವಿನ ಎರಡು ದಾರಿಗಳಲ್ಲಿ ಒಂದು ಖಾಲಿ ಉಳಿಯುತ್ತದೆ. ರೈಜನ್‌ಗೆ ಇದರ ಪೆಟ್ಟು ಜೋರು. ಇನ್ನೊಂದು 8 ಜಿಬಿ ಹಾಕಿದರೆ ಸರಾಸರಿ ಫ್ರೇಮ್ (ಸೆಕೆಂಡಿಗೆ ಮೂಡುವ ಚಿತ್ರಗಳು) ಏರುವುದಕ್ಕಿಂತ ಹೆಚ್ಚಾಗಿ ಮಧ್ಯೆ ಮಧ್ಯೆ ಸಿಕ್ಕಿಕೊಳ್ಳುವುದು ಕಡಿಮೆಯಾಗುತ್ತದೆ. ಆಡುವವರಿಗೆ ಮುಖ್ಯವಾಗಿದ್ದು ಅದೇ ಅಲ್ವಾ? ನಾಲ್ಕು ಸ್ಲಾಟ್ ಇರುವ ಬೋರ್ಡಾದರೆ ಸಾಮಾನ್ಯವಾಗಿ ಪ್ರೊಸೆಸರ್ ಕಡೆಯಿಂದ ಎಣಿಸಿ ಎರಡನೆಯ ಮತ್ತು ನಾಲ್ಕನೆಯದರಲ್ಲಿ ಹಾಕಬೇಕು. ಹಾಕಿದ ಮೇಲೆ ಬಯೋಸ್‌ನಲ್ಲಿ ಎಕ್ಸ್‌ಎಂಪಿ ಆನ್ ಮಾಡಿ, ಆಗಲೇ ಮೆಮೊರಿ ತನ್ನ ಮೇಲೆ ಬರೆದಿರುವ ವೇಗದಲ್ಲಿ ಓಡುವುದು. 3000 ಅಂತ ಬರೆದಿರುವ ರ‍್ಯಾಮ್ ವರ್ಷಗಟ್ಟಲೆ 2133ರಲ್ಲಿ ಓಡುತ್ತಿರುವ ಪಿಸಿಗಳು ನನ್ನ ಹತ್ತಿರ ಆಗಾಗ ಬರುತ್ತವೆ. ಯಾರೂ ಆ ಒಂದು ಸೆಟ್ಟಿಂಗ್ ಮುಟ್ಟಿರುವುದಿಲ್ಲ.

ರ‍್ಯಾಮ್ ದರದ ಬಗ್ಗೆ ಹೇಳಲೇಬೇಕು. 2025ರ ಕೊನೆಯಿಂದ ಮೆಮೊರಿ ದರ ವಿಪರೀತ ಏರಿದೆ. ಎಐ ಡೇಟಾ ಸೆಂಟರ್‌ಗಳಿಗೆ ಬೇಕಾದ ಮೆಮೊರಿ ಮಾಡುವುದರಲ್ಲಿ ಲಾಭ ಜಾಸ್ತಿ, ಹಾಗಾಗಿ ತಯಾರಕರು ಆ ಕಡೆ ತಿರುಗಿದ್ದಾರೆ. 2025ರ ಡಿಸೆಂಬರ್‌ನಲ್ಲಿ ಮೈಕ್ರಾನ್ ಕಂಪನಿ ತನ್ನ ಕ್ರೂಶಿಯಲ್ ಹೆಸರಿನ ಗ್ರಾಹಕ ವ್ಯಾಪಾರದಿಂದಲೇ ಹೊರಬರುವುದಾಗಿ ಹೇಳಿತು. ಎಸ್‌ಎಸ್‌ಡಿಗಳ ದರಕ್ಕೂ ಬಿಸಿ ತಟ್ಟಿದೆ. ದರ ಹೀಗೆ ಓಲಾಡುತ್ತಿರುವಾಗ ರೂಪಾಯಿ ಲೆಕ್ಕ ಬರೆದರೆ ನೀವು ಓದುವ ಹೊತ್ತಿಗೆ ಸುಳ್ಳಾಗಿರುತ್ತದೆ, ಅದಕ್ಕೆ ಬರೆಯುತ್ತಿಲ್ಲ. ಆದರೆ ಒಂದು ಮಾತು ಸ್ಪಷ್ಟ. ಎಎಂಡಿಯಲ್ಲಿ ಪೂರ್ತಿ ಹೊಸ ಪಿಸಿ ಅಂದರೆ ಎಎಂ5 ಸಾಕೆಟ್, ಅದಕ್ಕೆ ಡಿಡಿಆರ್5 ರ‍್ಯಾಮ್ ಕಡ್ಡಾಯ. ನಿಮ್ಮ ಪಿಸಿಯಲ್ಲಿರುವ ಹಿಂದಿನ ತಲೆಮಾರಿನ ಡಿಡಿಆರ್4 ಅದಕ್ಕೆ ಬರುವುದಿಲ್ಲ. ಅಂದರೆ ದರ ನೆತ್ತಿಗೇರಿರುವಾಗಲೇ ಮೆಮೊರಿಯನ್ನೆಲ್ಲ ಹೊಸದಾಗಿ ಕೊಳ್ಳಬೇಕು. ನಿಮಗೆ ಬೇಕಿರುವ ಒಂದು ಡಿಡಿಆರ್4 ಸ್ಟಿಕ್ ಸೆಕೆಂಡ್ ಹ್ಯಾಂಡ್‌ನಲ್ಲಿ ಸಿಕ್ಕರೆ ಹೆದರದೆ ತಗೊಳ್ಳಿ. ಹಳೆಯದರಲ್ಲಿ ಕೊಳ್ಳಲು ಕಡಿಮೆ ಅಪಾಯದ ಭಾಗ ರ‍್ಯಾಮ್. ರಾತ್ರಿಯಿಡೀ ಮೆಮ್‌ಟೆಸ್ಟ್86 ಎಂಬ ಮೆಮೊರಿ ಪರೀಕ್ಷೆಯ ತಂತ್ರಾಂಶ ಓಡಿಸಿ. ಒಂದೇ ಒಂದು ತಪ್ಪು ತೋರಿಸಿದರೂ ವಾಪಸ್ ಕೊಡಿ.

ಹಾರ್ಡ್ ಡಿಸ್ಕ್ ಬಗ್ಗೆ ಜಾಸ್ತಿ ಹೇಳಬೇಕಾಗಿಲ್ಲ. ಸೈಬರ್‌ಪಂಕ್ 2077 ತನ್ನ ಕನಿಷ್ಠ ಅಗತ್ಯದ ಪಟ್ಟಿಯಲ್ಲಿ 2023ರಲ್ಲಿ ಹಾರ್ಡ್ ಡಿಸ್ಕ್ ಕೈಬಿಟ್ಟು ಎಸ್‌ಎಸ್‌ಡಿ ಅಂತ ಬರೆಯಿತು. ಸ್ಟಾರ್‌ಫೀಲ್ಡ್ ಮೊದಲಿನಿಂದಲೂ ಎಸ್‌ಎಸ್‌ಡಿ ಕೇಳುತ್ತದೆ. ನಿಮ್ಮ ಬೋರ್ಡಿನಲ್ಲಿ ಎಂ.2 ಸ್ಲಾಟ್ (ಎಸ್‌ಎಸ್‌ಡಿಯನ್ನು ನೇರ ಬೋರ್ಡಿಗೇ ಸಿಕ್ಕಿಸುವ ಜಾಗ) ಇದ್ದರೆ ಎನ್‌ವಿಎಂಇ ಎಂಬ ವೇಗದ ಎಸ್‌ಎಸ್‌ಡಿ ಹಾಕಿ. ಕೆಲವು ಬೋರ್ಡ್‌ಗಳಲ್ಲಿ ಎಂ.2 ಬಳಸಿದರೆ ಒಂದೆರಡು ಸಾಟಾ ಪೋರ್ಟ್ ಕೆಲಸ ನಿಲ್ಲಿಸುತ್ತವೆ. ಹಾರ್ಡ್ ಡಿಸ್ಕ್ ಕಾಣದಾಯ್ತು ಅಂತ ಗಾಬರಿಯಾಗಬೇಡಿ, ಕೇಬಲ್ ಬೇರೆ ಪೋರ್ಟ್‌ಗೆ ಹಾಕಿ.

ಕಾರ್ಡ್ ತಡೆಯುತ್ತಿದೆಯಾ, ಪ್ರೊಸೆಸರ್ ತಡೆಯುತ್ತಿದೆಯಾ ಅಂತ ತಿಳಿಯಲು ಎಂಎಸ್‌ಐ ಆಫ್ಟರ್‌ಬರ್ನರ್ ಅನ್ನುವ ತಂತ್ರಾಂಶ ಹಾಕಿ, ಆಡುವಾಗ ಪರದೆಯ ಮೂಲೆಯಲ್ಲಿ ಜಿಪಿಯು (ಗ್ರಾಫಿಕ್ಸ್ ಕಾರ್ಡಿನ ಚಿಪ್) ಬಳಕೆ ಕಾಣುವಂತೆ ಮಾಡಿ. ಪರೀಕ್ಷೆಯ ಹೊತ್ತಿಗೆ ವಿ-ಸಿಂಕ್ (ಫ್ರೇಮನ್ನು ಮಾನಿಟರ್ ವೇಗಕ್ಕೆ ಕಟ್ಟಿಹಾಕುವ ಸೆಟ್ಟಿಂಗ್) ಆಫ್ ಇರಲಿ. ಜಿಪಿಯು 95ರಿಂದ 99 ಶೇಕಡಾದಲ್ಲಿ ನಿಂತಿದ್ದರೆ ಕಾರ್ಡ್ ತನ್ನ ಕೈಲಾದಷ್ಟೂ ಮಾಡುತ್ತಿದೆ, ಅದೇ ಮಿತಿ. ಜಿಪಿಯು 60 ಶೇಕಡಾದಲ್ಲಿದ್ದೂ ಫ್ರೇಮ್ ಕಡಿಮೆ ಬರುತ್ತಿದ್ದರೆ ತಡೆ ಪ್ರೊಸೆಸರ್ ಅಥವಾ ರ‍್ಯಾಮ್ ಕಡೆಯದು. ಇನ್ನೊಂದು ದಾರಿಯೂ ಇದೆ. ರೆಸಲ್ಯೂಶನ್ 720ಪಿಗೆ ಇಳಿಸಿ. ಫ್ರೇಮ್ ಏರಿದರೆ ಕಾರ್ಡ್, ಏರದಿದ್ದರೆ ಪ್ರೊಸೆಸರ್. ವ್ಯಾಲರಂಟ್‌ನಲ್ಲಿ ಒಂದು ಫಲಿತಾಂಶ, ಹೊಸ ಆಟದಲ್ಲಿ ಇನ್ನೊಂದು ಬರಬಹುದು. ಯಾವ ಆಟಕ್ಕಾಗಿ ಖರ್ಚು ಮಾಡುತ್ತಿದ್ದೀರೋ ಅದರಲ್ಲೇ ಪರೀಕ್ಷೆ ಮಾಡಿ.

ನಿಮ್ಮ ಕಥೆಯಾಧಾರಿತ ಆಟಗಳ ಆಸೆಗೆ 1060 ಅಡ್ಡಿಯಾಗುವುದು ಖಂಡಿತ. 2016ರ ಕಾರ್ಡ್ ಅದು, ಬಹಳ ಒಳ್ಳೆಯ ಸೇವೆ ಕೊಟ್ಟಿದೆ. ಎನ್‌ವಿಡಿಯಾ ಆ ತಲೆಮಾರಿಗೆ ಹೊಸ ಆಟಗಳ ಡ್ರೈವರ್ ಕೊಡುವುದನ್ನು 2025ರ ಅಕ್ಟೋಬರ್‌ಗೆ ನಿಲ್ಲಿಸಿದೆ, ಇನ್ನು 2028ರವರೆಗೆ ಬರುವುದು ಭದ್ರತಾ ಅಪ್‌ಡೇಟ್ ಮಾತ್ರ. ಡೂಮ್: ದ ಡಾರ್ಕ್ ಏಜಸ್‌ನಂಥ ಆಟಗಳಿಗೆ ರೇ ಟ್ರೇಸಿಂಗ್ (ಬೆಳಕಿನ ಕಿರಣಗಳ ಲೆಕ್ಕ ಹಾಕಿ ಚಿತ್ರ ಮೂಡಿಸುವ ವಿಧಾನ) ಹಾರ್ಡ್‌ವೇರ್ ಇಲ್ಲದೆ ಆಗುವುದೇ ಇಲ್ಲ. ಸೆಟ್ಟಿಂಗ್ ಎಷ್ಟು ಇಳಿಸಿದರೂ 1060ರಲ್ಲಿ ಓಡುವುದಿಲ್ಲ. ಆದರೆ ವ್ಯಾಲರಂಟ್, ಜಿಟಿಎ 5 ಇಷ್ಟೇ ಸಾಕು ಅನ್ನುವುದಾದರೆ 60 ಹರ್ಟ್ಸ್ ಮಾನಿಟರ್‌ಗೆ ಇದೇ ಕಾರ್ಡ್ ಇನ್ನೂ ಸಾಕು. ಸುಮ್ನೆ ಬದಲಿಸಬೇಡಿ.

ಹೊಸ ಕಾರ್ಡ್ ಆರಿಸುವಾಗ ನಿಮ್ಮ ಬೋರ್ಡಿನ ಒಂದು ಮಿತಿ ಗೊತ್ತಿರಲಿ. ಬಿ450ರಲ್ಲಿರುವುದು ಪಿಸಿಐಇ 3.0, ಅಂದರೆ ಕಾರ್ಡಿಗೂ ಬೋರ್ಡಿಗೂ ನಡುವಿನ ದಾರಿಯ ಹಳೆಯ ತಲೆಮಾರು. ಆರ್‌ಟಿಎಕ್ಸ್ 4060, 5060, ಆರ್‌ಎಕ್ಸ್ 6600, 7600 ಇವೆಲ್ಲ 16ರ ಬದಲು 8 ಲೇನ್ (ಆ ದಾರಿಯ ಸಾಲುಗಳು) ಮಾತ್ರ ಬಳಸುತ್ತವೆ. ಕಾರ್ಡಿನ ಸ್ವಂತ ಮೆಮೊರಿ ಸಾಕಾಗುವವರೆಗೆ ನಷ್ಟ ಅಲ್ಪ. 8 ಜಿಬಿ ತುಂಬಿ ಹೊರಚೆಲ್ಲಿದಾಗ ಹಳೆಯ ಬೋರ್ಡಿನಲ್ಲಿ ತಡವರಿಕೆ ಎದ್ದು ಕಾಣುತ್ತದೆ. ಹಾಗಾಗಿ ನಿಮ್ಮ ಬೋರ್ಡಿಗೆ 16 ಲೇನ್‌ನ, ಮೆಮೊರಿ ಹೆಚ್ಚಿರುವ ಕಾರ್ಡ್ ಹೆಚ್ಚು ಒಪ್ಪುತ್ತದೆ. ಆರ್‌ಎಕ್ಸ್ 9060 ಎಕ್ಸ್‌ಟಿಯ 16 ಜಿಬಿ ಮಾದರಿ ಅಂಥದ್ದು, ಆದರೆ ಅದೊಂದೇ ನಿಮ್ಮ ದುಡ್ಡನ್ನೆಲ್ಲ ನುಂಗಬಹುದು. ಕಡಿಮೆಯಲ್ಲಿ ಬೇಕಾದರೆ ಸೆಕೆಂಡ್ ಹ್ಯಾಂಡ್ ಆರ್‌ಟಿಎಕ್ಸ್ 3060 12 ಜಿಬಿ ಹುಡುಕಿ. ಆರ್‌ಎಕ್ಸ್ 6600 ಕೂಡ 1080ಪಿಗೆ ಒಳ್ಳೆಯದೇ, 132 ವ್ಯಾಟ್ ಮಾತ್ರ ಎಳೆಯುತ್ತದೆ. ಆರ್‌ಎಕ್ಸ್ 6500 ಎಕ್ಸ್‌ಟಿ ಮಾತ್ರ ಬೇಡ. ಅದರಲ್ಲಿರುವುದು ಬರೀ 4 ಲೇನ್, 3.0 ಬೋರ್ಡಿನಲ್ಲಿ ಪೂರ್ತಿ ಸೊರಗುತ್ತದೆ. ಕೊಳ್ಳುವ ಮುಂಚೆ ಕ್ಯಾಬಿನೆಟ್ ಒಳಗಿನ ಉದ್ದ ಅಳೆದುಕೊಳ್ಳಿ.

ಬೆಂಗಳೂರಿನ ಎಸ್‌ಪಿ ರಸ್ತೆಗೆ ಹೋದರೂ ಆನ್‌ಲೈನ್‌ನಲ್ಲಿ ಹುಡುಕಿದರೂ ಹಳೆಯ ಕಾರ್ಡ್ ಕೊಳ್ಳುವಾಗ ಮೋಸದ ಅಪಾಯ ಇದ್ದೇ ಇದೆ. ತುಂಬಾ ಹಳೆಯ ಕಾರ್ಡಿಗೆ ಹೊಸ ಹೆಸರಿನ ಬಯೋಸ್ ಬರೆದು ಮಾರುವವರಿದ್ದಾರೆ. ಜಿಪಿಯು-ಝಡ್ ಎಂಬ ತಂತ್ರಾಂಶ ತೆರೆದರೆ ಅಂಥ ಕಾರ್ಡಿಗೆ ನಕಲಿ ಎಂದೇ ತೋರಿಸುತ್ತದೆ. ಆರ್‌ಎಕ್ಸ್ 580 ಅಂತ 2048ಎಸ್‌ಪಿ ಮಾದರಿ ಕೊಡುವುದು ಇನ್ನೊಂದು ರೀತಿ. ನಿಜವಾದ 580ರಲ್ಲಿ 2304 ಶೇಡರ್ (ಚಿತ್ರದ ಲೆಕ್ಕ ಮಾಡುವ ಘಟಕಗಳು) ಇರುತ್ತವೆ. ಕ್ರಿಪ್ಟೊ ಮೈನಿಂಗ್‌ನಲ್ಲಿ (ಡಿಜಿಟಲ್ ನಾಣ್ಯ ಗಳಿಸಲು) ಬಳಸಿದ ಕಾರ್ಡ್ ಅಂದ ತಕ್ಷಣ ಬೇಡ ಅನ್ನಬೇಕಿಲ್ಲ. ಇಥೀರಿಯಂ ಮೈನಿಂಗ್ ನಿಂತಿದ್ದೇ 2022ರ ಸೆಪ್ಟೆಂಬರ್‌ನಲ್ಲಿ. ಅಂಥ ಕಾರ್ಡ್‌ಗಳಲ್ಲಿ ಸವೆಯುವುದು ಹೆಚ್ಚಾಗಿ ಫ್ಯಾನ್ ಮತ್ತು ಥರ್ಮಲ್ ಪ್ಯಾಡ್. ಅಂಗಡಿಯಲ್ಲೇ ಅರ್ಧ ಗಂಟೆ ಆಟ ಓಡಿಸಿ ನೋಡದೆ ದುಡ್ಡು ಕೊಡಬೇಡಿ. ವಾರಂಟಿ ಉಳಿದಿದೆ ಅಂದರೆ ಮೂಲ ಬಿಲ್ ಕೇಳಿ ಪಡೆಯಿರಿ.

ಪ್ರೊಸೆಸರ್ ಈಗಲೇ ಬೇಡ. 60 ಫ್ರೇಮ್ ಗುರಿ ಇಟ್ಟುಕೊಂಡರೆ 2600 ಇನ್ನೂ ಬಹಳ ಆಟಗಳಲ್ಲಿ ಹೆಜ್ಜೆ ಹಾಕುತ್ತದೆ. ಮುಂದೆ ಅದು ತಡೆ ಅನ್ನಿಸಿದಾಗ ನಿಮಗೆ ಒಂದು ಅದೃಷ್ಟ ಕಾದಿದೆ. ಅದೇ ಸಾಕೆಟ್‌ಗೆ 2022ರ ರೈಜನ್ 5 5600 ಕೂರುತ್ತದೆ. ಬಯೋಸ್ ಹೊಸದಾಗಿದ್ದರೆ ಸಾಕು, ಬೋರ್ಡ್, ರ‍್ಯಾಮ್ ಯಾವುದನ್ನೂ ಬದಲಿಸಬೇಕಿಲ್ಲ. ನಿಮ್ಮ ಬೋರ್ಡಿನ ಮಾದರಿ ಹೆಸರು ಹಾಕಿ ಕಂಪನಿಯ ಪಟ್ಟಿಯಲ್ಲಿ 5600 ಇದೆಯಾ ಅಂತ ಮಾತ್ರ ಖಚಿತಪಡಿಸಿಕೊಳ್ಳಿ. ವಿಪರೀತ ಬೆಲೆ ಕೇಳುವ 5700ಎಕ್ಸ್3ಡಿ ಹಿಂದೆ ಹೋಗಬೇಡಿ. ಎಎಂ4 ಬೋರ್ಡಿಗೆ ಮಾತ್ರ ಆಗುವ ಪ್ರೊಸೆಸರ್‌ಗೆ ಅಷ್ಟು ಸುರಿಯುವುದು ತರವಲ್ಲ.

ನಾನು ಗ್ರಾಹಕರಿಗೆ ಯಾವಾಗಲೂ ಹೇಳುವ ಲೆಕ್ಕ ಇದೇ. ಎಸ್‌ಎಂಪಿಎಸ್, ಎಸ್‌ಎಸ್‌ಡಿ, ಗ್ರಾಫಿಕ್ಸ್ ಕಾರ್ಡ್ ಈ ಮೂರೂ ಮುಂದಿನ ಪಿಸಿಗೂ ನಿಮ್ಮ ಜೊತೆ ಬರುತ್ತವೆ. ಇವಕ್ಕೆ ಧಾರಾಳವಾಗಿ ಖರ್ಚು ಮಾಡಿ. ಡಿಡಿಆರ್4 ರ‍್ಯಾಮ್ ಮತ್ತು ಎಎಂ4 ಪ್ರೊಸೆಸರ್ ಇಲ್ಲೇ ಉಳಿಯುತ್ತವೆ. ಇವಕ್ಕೆ ಕೈ ಹಿಡಿತ ಇರಲಿ. ನಿಮ್ಮ 40 ಸಾವಿರದಲ್ಲಿ ಮೊದಲು ದೂಳು, ಪೇಸ್ಟ್. ನಂತರ ಒಳ್ಳೆಯ ಕಂಪನಿಯ 550 ಅಥವಾ 650 ವ್ಯಾಟ್‌ನ, 80 ಪ್ಲಸ್ ಬ್ರಾಂಜ್ (ವಿದ್ಯುತ್ ದಕ್ಷತೆಯ ಗುರುತು) ದರ್ಜೆಯ, ಐದು ವರ್ಷ ವಾರಂಟಿ ಇರುವ ಎಸ್‌ಎಂಪಿಎಸ್. ಪಿಸಿ ಆಫ್ ಆಗುವುದು ನಿಂತಿದೆ ಅಂತ ಒಂದು ವಾರ ನೋಡಿ. ಆಮೇಲೆ ಬಯೋಸ್, ಎಸ್‌ಎಸ್‌ಡಿ, ರ‍್ಯಾಮ್, ವಿಂಡೋಸ್ 11. ಇಷ್ಟಾದ ಮೇಲೆ ಮತ್ತೆ ಆಡಿ ನೋಡಿ, ಉಳಿದ ದುಡ್ಡಿಗೆ ಕಾರ್ಡ್ ಆರಿಸಿ.

ಈ ಸಲಹೆ ಎಲ್ಲ ಹಳೆಯ ಪಿಸಿಗಳಿಗೂ ಸಲ್ಲುವುದಿಲ್ಲ. ಇಂಟೆಲ್ 7ನೇ ತಲೆಮಾರು ಅಥವಾ ಅದಕ್ಕಿಂತ ಹಳೆಯ ಪಿಸಿ ಆಗಿದ್ದರೆ, ಒಂದೆರಡನ್ನು ಬಿಟ್ಟರೆ, ವಿಂಡೋಸ್ 11ಕ್ಕೆ ಅಧಿಕೃತ ದಾರಿಯಿಲ್ಲ. ಬಡ್ತಿ ಕೊಡಲು ಒಳ್ಳೆಯ ಪ್ರೊಸೆಸರೂ ಇಲ್ಲ. ಡಿಡಿಆರ್3 ಇದ್ದರಂತೂ ದುಡ್ಡು ಹಾಕಲೇಬಾರದು. ಬ್ರಾಂಡೆಡ್ ಡೆಸ್ಕ್‌ಟಾಪ್‌ಗಳಲ್ಲಿ ಕೆಲವಕ್ಕೆ ಬೋರ್ಡ್, ಎಸ್‌ಎಂಪಿಎಸ್ ಎಲ್ಲ ಆ ಕಂಪನಿಯದೇ ಅಳತೆಯವು, ಹೊರಗಿನದು ಕೂರುವುದೇ ಇಲ್ಲ. ನಿಮ್ಮ ಮದರ್‌ಬೋರ್ಡ್ ಸತ್ತಿದ್ದರೆ, ಅಥವಾ 1440ಪಿಯಲ್ಲಿ 144 ಹರ್ಟ್ಸ್ ಬೇಕು ಅಂತ ಬರೆದಿದ್ದರೆ ನಾನೂ ಹೊಸದನ್ನೇ ಹೇಳುತ್ತಿದ್ದೆ. ನಿಮ್ಮ ದಾರಿಯಲ್ಲಿರುವ ಅಪಾಯವೂ ಅದೇ: ಬೋರ್ಡ್ ಹಳೆಯದು, ನಾಳೆ ಕೈಕೊಟ್ಟರೆ ರ‍್ಯಾಮ್‌ಗೆ ಹಾಕಿದ ದುಡ್ಡು ಸಿಕ್ಕಿಬೀಳುತ್ತದೆ. ಅದಕ್ಕೇ ಆ ಭಾಗದ ಖರ್ಚು ಚಿಕ್ಕದಿರಲಿ ಎಂದಿದ್ದು.

ಇವತ್ತೇ, ಪೈಸೆ ಖರ್ಚಿಲ್ಲದೆ ಮಾಡಬಹುದಾದ ಒಂದು ಕೆಲಸವಿದೆ. ನಿಮ್ಮ ಮಾನಿಟರ್ ತೋರಿಸುವುದು ಸೆಕೆಂಡಿಗೆ 60 ಫ್ರೇಮ್ ಮಾತ್ರ. ಜಿಟಿಎ 5ರಲ್ಲಿ ಕಾರ್ಡ್ 90 ಫ್ರೇಮ್ ಮಾಡುತ್ತಿದ್ದರೆ ಹೆಚ್ಚಿನ 30 ಬರೀ ಬಿಸಿಯಾಗಿ ಹೋಗುತ್ತವೆ. ಪರೀಕ್ಷೆ ಮುಗಿದ ಮೇಲೆ ಫ್ರೇಮ್ ಮಿತಿ 60ಕ್ಕೆ ಇಡಿ. ಹೊಸ ಎಸ್‌ಎಂಪಿಎಸ್ ಬರುವವರೆಗೆ ಪಿಸಿ ಆಫ್ ಆಗುವುದೂ ಕಡಿಮೆಯಾಗಬಹುದು.

ಕಾರ್ಡ್ ಬದಲಿಸಿದ ಮೇಲೆ ಹಳೆಯ 1060 ಮಾರಲು ಅವಸರ ಪಡಬೇಡಿ. 2600 ಆಗಲಿ 5600 ಆಗಲಿ, ಒಳಗೆ ಗ್ರಾಫಿಕ್ಸ್ ಇಲ್ಲದ ಪ್ರೊಸೆಸರ್‌ಗಳು. ಕಾರ್ಡ್ ಇಲ್ಲದೆ ಪರದೆಯಲ್ಲಿ ಏನೂ ಮೂಡುವುದಿಲ್ಲ. ಹೊಸ ಕಾರ್ಡ್ ವಾರಂಟಿಗೆ ಅಂತ ಹೋದರೆ ವಾಪಸ್ ಬರಲು ವಾರಗಳೇ ಹಿಡಿಯುತ್ತವೆ, ಆಗ ಇದೇ ಕೆಲಸಕ್ಕೆ ಬರುತ್ತದೆ.